ನೆಲದಡಿಯ ಗಡಿ: ಹೆಚ್ಚು ಜನ ನೋಡದ ಒಂದು ಗಣಿ ಚಿತ್ರ

ಸಂಘದ ಚಿತ್ರಸಂಜೆಗೆ ಯಾವ ಚಿತ್ರ ತರಿಸಬೇಕೆಂಬ ಚರ್ಚೆ ನಮ್ಮಲ್ಲಿ ಎಂದೂ ಮುಗಿದದ್ದಿಲ್ಲ. ರಾಜ್‌ಕುಮಾರ್ ಚಿತ್ರವಾದರೆ ಹಾಲ್ ತುಂಬುತ್ತದೆ, ಮಾಡಿದ ಬಿಸಿಬೇಳೆಬಾತ್ ಸಾಲದೆ ಹೋಗುತ್ತದೆ. ಪುಟ್ಟಣ್ಣನವರ ಚಿತ್ರವಾದರೆ ಇಂಟರ್ವಲ್ಲಿಗೆ ಮೊದಲೇ ಕರವಸ್ತ್ರಗಳು ಹೊರಬರುತ್ತವೆ. ಇವೆಲ್ಲ ಇರಲಿ, ಇರಬೇಕು. ಆದರೆ ನಾವು ಇಷ್ಟು ವರ್ಷಗಳಿಂದ ಅನ್ನ ಉಣ್ಣುತ್ತಿರುವ ಈ ಜರ್ಮನಿಯ ಮಣ್ಣಿನಲ್ಲೇ ಹುಟ್ಟಿದ, ನಮ್ಮಂಥ ಎರಡು ಭಾಷೆಗಳ ನಡುವಿನ ಜನರಿಗೆಂದೇ ತೆಗೆದಂತಿರುವ ಒಂದು ಹಳೆಯ ಚಿತ್ರವಿದೆ. ಅದನ್ನು ನೋಡಿದವರು ನಮ್ಮ ಸದಸ್ಯರಲ್ಲಿ ಬೆರಳೆಣಿಕೆಯಷ್ಟು. ಜರ್ಮನ್ ಸ್ನೇಹಿತರನ್ನು ಕೇಳಿದರೂ ‘ಹೆಸರು ಕೇಳಿದ್ದೇವೆ’ ಎನ್ನುವವರೇ ಹೆಚ್ಚು. ಈ ಸಂಚಿಕೆಯಲ್ಲಿ ಅದರ ಪರಿಚಯ ಮಾಡಿಕೊಡೋಣವೆಂದು ಹೊರಟಿದ್ದೇವೆ.

ಚಿತ್ರದ ಹೆಸರು ‘ಕಾಮೆರಾಡ್‌ಶಾಫ್ಟ್’. ಒಡನಾಡಿತನ, ಜೊತೆಗಾರಿಕೆ ಎಂದು ಕನ್ನಡದಲ್ಲಿ ಹೇಳಬಹುದು. 1931ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡಿತು. ನಿರ್ದೇಶಕ ಗೆ. ವಿ. ಪಾಬ್ಸ್ಟ್. ಕಪ್ಪು-ಬಿಳುಪು, ಸುಮಾರು ಒಂದೂವರೆ ಗಂಟೆ. ನೆಲದಡಿಯ ಗಣಿಯಲ್ಲಿ ಸಿಕ್ಕಿಬಿದ್ದವರ ಕಥೆ. ಇಂಥ ಚಿತ್ರಗಳು ಆಮೇಲೆ ಬೇಕಾದಷ್ಟು ಬಂದಿವೆ. 1975ರ ಚಸ್ನಾಲಾ ಗಣಿ ದುರಂತದ ನೆರಳಿನಲ್ಲಿ ಯಶ್ ಚೋಪ್ರಾ 1979ರಲ್ಲಿ ತೆಗೆದ ‘ಕಾಲಾ ಪತ್ಥರ್’ನಲ್ಲಿ ಅಮಿತಾಭ್ ಬಚ್ಚನ್ ಗಣಿಗೆ ಇಳಿದದ್ದನ್ನು ನಮ್ಮ ಪೀಳಿಗೆಯವರು ಮರೆತಿಲ್ಲ. ಚಿಲಿ ದೇಶದಲ್ಲಿ 2010ರಲ್ಲಿ 69 ದಿನ ನೆಲದಡಿಯಿದ್ದು ಬದುಕಿಬಂದ 33 ಮಂದಿಯ ಕಥೆಯೂ ಚಿತ್ರವಾಯಿತು. ಆದರೆ ಪಾಬ್ಸ್ಟ್ ಚಿತ್ರದ ದಾರಿಯೇ ಬೇರೆ. ಇಲ್ಲಿ ಒಬ್ಬ ನಾಯಕನಿಲ್ಲ, ಖಳನೂ ಇಲ್ಲ. ಇರುವುದು ಒಂದು ಗಡಿ.

ನಿಜವಾಗಿ ನಡೆದದ್ದು

ಕಥೆಗೆ ಮೂಲವಾದ ಘಟನೆಯನ್ನು ಮೊದಲು ಹೇಳಬೇಕು. ಉತ್ತರ ಫ್ರಾನ್ಸಿನ ಪಾ-ದ-ಕಾಲೆ ಪ್ರಾಂತದಲ್ಲಿ ಕೂರ್ಯೇರ್ ಕಂಪೆನಿಯ ಕಲ್ಲಿದ್ದಲ ಗಣಿಗಳಿದ್ದವು. 1906ನೇ ಇಸವಿ ಮಾರ್ಚ್ 10, ಶನಿವಾರ ಬೆಳಗಿನ ಪಾಳಿ ಕೆಳಗಿಳಿದಿತ್ತು. ಕೆಲವು ದಿನಗಳಿಂದ ಗಣಿಯ ಒಂದು ಭಾಗದಲ್ಲಿ ಬೆಂಕಿ ಹೊಗೆಯಾಡುತ್ತಿದ್ದು, ಅದನ್ನು ಗೋಡೆ ಕಟ್ಟಿ ಮುಚ್ಚುವ ಕೆಲಸ ನಡೆದಿತ್ತು. ಆರೂವರೆಯ ಸುಮಾರಿಗೆ ಸ್ಫೋಟವಾಯಿತು. ನೂರು ಕಿಲೋಮೀಟರಿಗೂ ಮೀರಿದ ಸುರಂಗಗಳಲ್ಲಿ ಜ್ವಾಲೆ ಓಡಿತು. ಸತ್ತವರು 1099 ಮಂದಿ. ಯೂರೋಪು ಕಂಡ ಅತಿ ದೊಡ್ಡ ಗಣಿ ದುರಂತ ಇಂದಿಗೂ ಅದೇ.

ಇಷ್ಟು ದೂರ ಬೆಂಕಿ ಓಡಿದ್ದು ಹೇಗೆ? ಗಣಿಯಲ್ಲಿ ಮೀಥೇನ್ ಅನಿಲವಿರುತ್ತದೆ, ಗಾಳಿಯಲ್ಲಿ ಅದು ಶೇಕಡಾ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿಗೂ ಸಿಡಿಯುತ್ತದೆ, ಎಂಬುದು ಮೊದಲೇ ತಿಳಿದಿತ್ತು. ಕೂರ್ಯೇರ್‌ನಲ್ಲಿ ಊರು ಸುಟ್ಟದ್ದು ಅನಿಲಕ್ಕಿಂತ ಹೆಚ್ಚಾಗಿ ಕಲ್ಲಿದ್ದಲ ಪುಡಿ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಹಾರಾಡುವಂಥ ನುಣ್ಣನೆಯ ಧೂಳು ಅದು. ಮೊದಲ ಸಿಡಿತ ನೆಲದ ಪುಡಿಯನ್ನು ಎಬ್ಬಿಸುತ್ತದೆ. ಎದ್ದ ಪುಡಿ ಹತ್ತಿಕೊಂಡು ಮುಂದಿನ ಪುಡಿಯನ್ನು ಎಬ್ಬಿಸುತ್ತದೆ. ಪುಡಿಯೊಂದರಿಂದಲೇ ಇಷ್ಟು ಅನಾಹುತವಾಗದು ಎಂದು ನಂಬಿದ್ದ ತಜ್ಞರೂ ಆಗ ಇದ್ದರು. ಆ ನಂಬಿಕೆ ಅಂದು ಸುಟ್ಟುಹೋಯಿತು. ಆಮೇಲೆ ಫ್ರಾನ್ಸಿನ ಲಿಯೇವಾಂ ಎಂಬಲ್ಲಿ ಪ್ರಯೋಗಕೇಂದ್ರ ತೆರೆದು ಟಾಫನೆಲ್ ಎಂಬ ಎಂಜಿನಿಯರು ಈ ಧೂಳನ್ನು ಅಭ್ಯಾಸ ಮಾಡಿದ. ಸುರಂಗಗಳಲ್ಲಿ ಕಲ್ಲುಪುಡಿ ಎರಚಿ, ಹಲಗೆಗಳ ಮೇಲೆ ಪೇರಿಸಿ, ಜ್ವಾಲೆಯನ್ನು ತಣಿಸುವ ವಿಧಾನ ಬಳಕೆಗೆ ಬಂತು. ಆಮೇಲೆ ಎಷ್ಟೋ ಗಣಿಗಾರರು ಜೀವಸಹಿತ ಮನೆಗೆ ಹೋದದ್ದು ಈ ಸಾಧಾರಣ ಬಿಳಿ ಪುಡಿಯ ಪುಣ್ಯದಿಂದ.

ಸ್ಫೋಟದ ನಂತರ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ರಕ್ಷಣೆಗೆ ಇಳಿಯುವವರಿಗೆ ತಮ್ಮದೇ ಗಾಳಿಯನ್ನು ಹೊತ್ತೊಯ್ಯುವ ಉಸಿರಾಟದ ಉಪಕರಣ ಬೇಕು. ಈ ವಿದ್ಯೆಯಲ್ಲಿ ಆಗ ಮುಂದಿದ್ದವರು ವೆಸ್ಟ್‌ಫಾಲಿಯದ ಜರ್ಮನ್ನರು. ಹೆರ್ನೆ ಊರಿನ ಶ್ಯಾಮ್‌ರಾಕ್ ಗಣಿಯ ರಕ್ಷಣಾ ದಳ ಗೇಯೋರ್ಗ್ ಆಲ್ಬ್ರೆಖ್ಟ್ ಮೈಯರ್ ಎಂಬುವರ ನೇತೃತ್ವದಲ್ಲಿ ಉಪಕರಣಗಳೊಂದಿಗೆ ಫ್ರಾನ್ಸಿಗೆ ಹೊರಟಿತು. 1870-71ರ ಯುದ್ಧದ ಗಾಯ ಆಗಿನ್ನೂ ಮಾಸಿರಲಿಲ್ಲ. ಮೊರಾಕ್ಕೋ ವಿಷಯದಲ್ಲಿ ಎರಡೂ ದೇಶಗಳು ಕತ್ತಿ ಮಸೆಯುತ್ತ ಅಲ್ಜೆಸಿರಾಸ್ ಸಮ್ಮೇಳನದಲ್ಲಿ ಎದುರುಬದುರು ಕೂತಿದ್ದ ದಿನಗಳೇ ಅವು. ಅಂಥ ಹೊತ್ತಿನಲ್ಲಿ ಜರ್ಮನ್ ಕೆಲಸಗಾರರು ಫ್ರೆಂಚ್ ಗಣಿಗೆ ಇಳಿದರು.

ಇನ್ನೊಂದು ಸಂಗತಿ ಮೈ ನಡುಗಿಸುವಂಥದು. ಬದುಕಿರುವವರು ಇನ್ನು ಯಾರೂ ಇಲ್ಲವೆಂದು ಮೇಲಿನವರು ಕೆಲವೇ ದಿನಗಳಲ್ಲಿ ಕೈಚೆಲ್ಲಿದ್ದರು. ಮಾರ್ಚ್ 30ರಂದು, ಇಪ್ಪತ್ತು ದಿನಗಳ ಮೇಲೆ, ಹದಿಮೂರು ಮಂದಿ ಕತ್ತಲಲ್ಲಿ ತಡವರಿಸಿಕೊಂಡು ತಾವಾಗಿಯೇ ಹೊರಬಂದರು. ಗಣಿಕುದುರೆಯ ಮಾಂಸ ತಿಂದು ಜೀವ ಹಿಡಿದಿದ್ದರು. ಏಪ್ರಿಲ್ 4ರಂದು ಇನ್ನೊಬ್ಬ ಸಿಕ್ಕಿದ. ಹಾಗಾದರೆ ಹುಡುಕುವುದನ್ನು ನಿಲ್ಲಿಸದಿದ್ದರೆ ಇನ್ನೆಷ್ಟು ಜನ ಉಳಿಯುತ್ತಿದ್ದರೋ ಎಂಬ ಪ್ರಶ್ನೆ ಎದ್ದಿತು. ಆಗಲೇ ಮುಷ್ಕರಕ್ಕೆ ಇಳಿದಿದ್ದ ಜನರ ಸಿಟ್ಟು ಇಮ್ಮಡಿಸಿತು. ಸರ್ಕಾರ ಸೈನ್ಯ ಕಳಿಸಿತು. ಅದೇ ವರ್ಷ ಜುಲೈ 13ರಂದು ಫ್ರಾನ್ಸಿನಲ್ಲಿ ವಾರಕ್ಕೊಂದು ದಿನ ಕಡ್ಡಾಯ ರಜೆಯ ಕಾನೂನು ಬಂದುದರ ಹಿಂದೆಯೂ ಈ ನೆನಪು ಕೆಲಸ ಮಾಡಿತ್ತು.

ತೆರೆಯ ಮೇಲೆ

ಪಾಬ್ಸ್ಟ್ ಈ ಘಟನೆಯನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಸ್ಥಳ ಬದಲಿಸಿದ, ಕಾಲವನ್ನೂ ಬದಲಿಸಿದ. ಕಥೆಯನ್ನು ಮೊದಲನೆಯ ಮಹಾಯುದ್ಧದ ನಂತರಕ್ಕೆ, ಲೊರೇನ್-ಜರ್ಮನಿ ಗಡಿಗೆ ತಂದ. 1919ರಲ್ಲಿ ವರ್ಸೇಲ್ಸ್ ಒಪ್ಪಂದವಾಗಿ ಗಡಿಗೆರೆ ಹೊಸದಾಗಿ ಬಿದ್ದಿದೆ. ಆ ಗೆರೆ ನೆಲದ ಮೇಲಷ್ಟೇ ಅಲ್ಲ, ನೆಲದಡಿಯಲ್ಲೂ ಹಾದುಹೋಗಿದೆ. ಒಂದೇ ಗಣಿ ಎರಡಾಗಿ, ನಡುವೆ ಕಬ್ಬಿಣದ ಸರಳುಗಳು ನಿಂತಿವೆ. ಸೂರ್ಯನೇ ಕಾಣದ ಜಾಗದಲ್ಲಿ ‘ಗಡಿ, 1919’ ಎಂದು ಬರೆದ ಫಲಕ!

ಚಿತ್ರ ಶುರುವಾಗುವುದು ಗೋಲಿಯಾಟದಿಂದ. ಗಡಿಯಲ್ಲಿ ಒಬ್ಬ ಜರ್ಮನ್ ಹುಡುಗ, ಒಬ್ಬ ಫ್ರೆಂಚ್ ಹುಡುಗ. ಗೋಲಿಗಳು ಯಾರದೆಂದು ಜಗಳವಾಗಿ, ನಡುವೆ ಗೆರೆ ಬೀಳುತ್ತದೆ. ಇತ್ತ ಕೆಲಸವಿಲ್ಲದ ಜರ್ಮನ್ನರು ಫ್ರೆಂಚ್ ಗಣಿಯಲ್ಲಿ ಕೂಲಿ ಸಿಕ್ಕೀತೆಂದು ಬಂದು ಗಡಿಯಿಂದಲೇ ಹಿಂದಿರುಗುತ್ತಾರೆ. ಸಂಜೆ ಮೂವರು ಜರ್ಮನ್ ಗಣಿಗಾರರು ಫ್ರೆಂಚ್ ಕಡೆಯ ನೃತ್ಯಶಾಲೆಗೆ ಹೋಗುತ್ತಾರೆ. ಅವರಲ್ಲೊಬ್ಬ ಫ್ರಾನ್ಸ್ವಾಸ್ ಎಂಬ ಹುಡುಗಿಯನ್ನು ಕುಣಿಯಲು ಕರೆಯುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ತಾನು ಜರ್ಮನ್ ಆದ್ದರಿಂದಲೇ ಹೀಗೆಂದಳು ಎಂದು ಇವನಿಗೆ ಅವಮಾನವಾಗುತ್ತದೆ. ಜಗಳ ಹೊತ್ತಿಕೊಳ್ಳುವುದರಲ್ಲಿರುತ್ತದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದಾಗ ಸಣ್ಣ ಸಂಗತಿ ಹೇಗೆ ದೊಡ್ಡದಾಗುತ್ತದೆಂಬುದನ್ನು, ಈ ದೇಶಕ್ಕೆ ಹೊಸದಾಗಿ ಬಂದ ವರ್ಷಗಳನ್ನು ನೆನೆಸಿಕೊಂಡರೆ, ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮರುದಿನ ಫ್ರೆಂಚ್ ಗಣಿಯಲ್ಲಿ ಗೋಡೆಯೊಡೆದು ಬೆಂಕಿ ನುಗ್ಗುತ್ತದೆ. ಊರನ್ನು ಬಿಟ್ಟು ಪ್ಯಾರಿಸಿಗೆ ಹೊರಟಿದ್ದ ಫ್ರಾನ್ಸ್ವಾಸ್ ರೈಲಿನಿಂದಿಳಿದು ಹಿಂದಕ್ಕೆ ಓಡುತ್ತಾಳೆ. ಅವಳ ಅಣ್ಣನೂ ಮೆಚ್ಚಿದವನೂ ಒಳಗಿದ್ದಾರೆ. ಗಣಿಯ ಗೇಟಿನ ಮುಂದೆ ಹೆಂಗಸರ ಗುಂಪು. ಅಳುವಿಲ್ಲ, ಭಾಷಣವಿಲ್ಲ, ಬರಿಯ ನಿಂತ ಮುಖಗಳು. ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ ಗಣಿಗಾರನೊಬ್ಬ, ಹೊಸದಾಗಿ ಕೆಲಸಕ್ಕೆ ಸೇರಿದ ಮೊಮ್ಮಗನನ್ನು ಹುಡುಕಿಕೊಂಡು ಯಾರಿಗೂ ಹೇಳದೆ ಕೆಳಗಿಳಿದುಬಿಡುತ್ತಾನೆ. ನಮ್ಮ ಊರಿನ ಅಜ್ಜಂದಿರೂ ಹಾಗೆಯೇ ಮಾಡುತ್ತಿದ್ದರು ಎನಿಸುತ್ತದೆ.

ಅತ್ತ ಜರ್ಮನ್ ಗಣಿಯಲ್ಲಿ ಪಾಳಿ ಮುಗಿದು ಎಲ್ಲರೂ ಮೈ ತೊಳೆಯುತ್ತಿದ್ದಾರೆ. ಸುದ್ದಿ ಬರುತ್ತದೆ. ಅವರ ಹಣೆಬರಹ, ನಮಗೇಕೆ ಎನ್ನುವವರು ಇದ್ದಾರೆ. ವಿಟ್‌ಕಾಪ್ ಎಂಬುವನು ಎದ್ದುನಿಂತು, ಹೋಗಲೇಬೇಕೆಂದು ಹಟ ಹಿಡಿಯುತ್ತಾನೆ. ಈ ಪಾತ್ರ ಮಾಡಿದವನು ಎರ್ನ್ಸ್ಟ್ ಬುಷ್. ಹಾಡುಗಾರನೆಂದು ಆಮೇಲೆ ತುಂಬ ಹೆಸರಾದ. ರಕ್ಷಣಾ ದಳ ಲಾರಿಗಳಲ್ಲಿ ಗಡಿ ದಾಟುತ್ತದೆ. ಜರ್ಮನ್ನರು ಬಂದರೆಂಬುದನ್ನು ಫ್ರೆಂಚ್ ಹೆಂಗಸರ ಕಣ್ಣು ನಂಬುವುದಿಲ್ಲ. ಎರಡು ದಳಗಳ ಮುಖ್ಯಸ್ಥರು ಸುರಂಗದಲ್ಲಿ ಕೈ ಕುಲುಕುವಾಗ ಕ್ಯಾಮೆರಾ ಆ ಎರಡು ಕೈಗಳನ್ನಷ್ಟೇ ತೋರಿಸುತ್ತದೆ.

ಹಿಂದಿನ ರಾತ್ರಿ ಅವಮಾನ ನುಂಗಿ ಬಂದಿದ್ದ ಆ ಮೂವರೋ, ಲಾರಿಗಾಗಿ ಕಾಯುವುದಿಲ್ಲ. ನೆಲದಡಿಯ ಹಳೆಯ ದಾರಿಯಲ್ಲಿ ಹೋಗಿ, ಗಡಿಯ ಸರಳುಗಳನ್ನೇ ಮುರಿದು, ಆಚೆಗೆ ನುಗ್ಗುತ್ತಾರೆ. ಮುದುಕನೂ ಮೊಮ್ಮಗನೂ ಅವರಿಗೆ ಸಿಗುತ್ತಾರೆ. ದಾರಿ ಕುಸಿದು ಐವರೂ ಒಳಗೆ ಸಿಕ್ಕಿಕೊಳ್ಳುತ್ತಾರೆ. ರಕ್ಷಿಸಲು ಹೋದವರನ್ನೇ ಈಗ ಯಾರಾದರೂ ರಕ್ಷಿಸಬೇಕು. ಮುಂದಿನದನ್ನು ನೀವೇ ನೋಡಿ.

ಮುಖವಾಡದ ದೃಶ್ಯ

ಆದರೂ ಒಂದು ದೃಶ್ಯವನ್ನು ಹೇಳದೆ ಇರಲಾರೆವು. ಅನಿಲದಿಂದ ಅರೆಪ್ರಜ್ಞೆಯಲ್ಲಿರುವ ಒಬ್ಬ ಫ್ರೆಂಚ್ ಗಣಿಗಾರ ಕತ್ತಲಲ್ಲಿ ಕೂತಿದ್ದಾನೆ. ಠಕ್ ಠಕ್ ಎಂದು ಬಡಿಯುವ ಸದ್ದು ಕೇಳುತ್ತದೆ. ಎದುರಿಗೆ ಉಸಿರಾಟದ ಮುಖವಾಡ ತೊಟ್ಟ ಒಂದು ಆಕೃತಿ, ಜರ್ಮನ್ ಮಾತು. ಅವನ ತಲೆಯಲ್ಲಿ ಸುರಂಗ ಹೋಗಿ ಯುದ್ಧದ ಕಂದಕ ಬರುತ್ತದೆ, ಬಡಿತದ ಸದ್ದು ಮೆಷಿನ್ ಗನ್ನಿನ ಸದ್ದಾಗುತ್ತದೆ. ಉಳಿಸಲು ಬಂದವನ ಮೇಲೆಯೇ ಬೀಳುತ್ತಾನೆ. ಜರ್ಮನ್ ಅವನನ್ನು ಹೊಡೆದು ಕೆಡವಿ, ಆಮೇಲೆ ಹೊತ್ತುಕೊಂಡು ಹೋಗಬೇಕಾಗುತ್ತದೆ. ಯುದ್ಧವನ್ನು ಕುರಿತು ಗಂಟೆಗಟ್ಟಲೆ ಭಾಷಣ ಮಾಡಿದರೂ ಇಷ್ಟು ಹೇಳಲಾಗದು. ಪಾಬ್ಸ್ಟ್ ತಾನೇ ಯುದ್ಧಕಾಲದಲ್ಲಿ ಫ್ರಾನ್ಸಿನ ಬಂದಿಶಿಬಿರದಲ್ಲಿದ್ದವನು, ಹಿಂದಿನ ವರ್ಷವಷ್ಟೇ ‘ವೆಸ್ಟ್‌ಫ್ರಂಟ್ 1918’ ಎಂಬ ಯುದ್ಧಚಿತ್ರ ತೆಗೆದವನು. ಆ ಅನುಭವವೆಲ್ಲ ಈ ಒಂದು ನಿಮಿಷದಲ್ಲಿ ಇಳಿದಿದೆ.

ಗಣಿಯ ಒಳಗಿನ ದೃಶ್ಯಗಳನ್ನು ನಿಜವಾದ ಗಣಿಯಲ್ಲಿ ತೆಗೆದದ್ದಲ್ಲ, ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟುಗಳಲ್ಲಿ ತೆಗೆದದ್ದು ಎಂದರೆ ನಂಬುವುದು ಕಷ್ಟ. ಎರ್ನೋ ಮೆಟ್ಸ್‌ನರ್ ಮತ್ತು ಕಾರ್ಲ್ ಫೋಲ್‌ಬ್ರೆಖ್ಟ್ ಅವುಗಳನ್ನು ಕಟ್ಟಿದರು. ಛಾಯಾಗ್ರಾಹಕರಲ್ಲಿ ಒಬ್ಬನಾದ ಫ್ರಿಟ್ಸ್ ಆರ್ನೊ ವಾಗ್ನರ್ ‘ನೊಸ್ಫೆರಾಟು’ ಚಿತ್ರವನ್ನು ತೆಗೆದವನೇ. ಬೆಳಕೆಲ್ಲ ಗಣಿದೀಪದಿಂದಲೇ ಬಂದಂತೆ ಕಾಣುತ್ತದೆ. ಮರದ ಆಸರೆಗಳು ಮುರಿಯುವ ಸದ್ದಿಗೆ ಕೂತಲ್ಲೇ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೇವೆ.

ಬೋಖುಮ್‌ನ ಗಣಿ ವಸ್ತುಸಂಗ್ರಹಾಲಯವನ್ನು ನೋಡಿದ ಸದಸ್ಯರಿಗೆ ಈ ಸೆಟ್ಟುಗಳ ಬೆಲೆ ಗೊತ್ತಾಗುತ್ತದೆ. ಅಲ್ಲಿ ಕೆಳಗಿಳಿದು ಮಾದರಿ ಗಣಿಯಲ್ಲಿ ನಡೆಯಬಹುದು. ಮಕ್ಕಳನ್ನು ಕರೆದುಕೊಂಡು ನಾವು ಹೋದಾಗ, ಯಂತ್ರಗಳಿಗಿಂತ ಅವರಿಗೆ ಹಿಡಿಸಿದ್ದು ಗಣಿಗಾರರ ‘ಗ್ಲುಕ್ ಔಫ್’ ಎಂಬ ನಮಸ್ಕಾರ. ಅದೃಷ್ಟ ತೆರೆಯಲಿ, ಕ್ಷೇಮವಾಗಿ ಮೇಲೆ ಬಾ ಎಂಬ ಭಾವ ಅದರಲ್ಲಿದೆ. ನಮ್ಮಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುವುದಿಲ್ಲವೇ, ಹಾಗೆ.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ಕೆ.ಜಿ.ಎಫ್. ಎಂದರೆ ಈಗಿನ ಮಕ್ಕಳಿಗೆ ಯಶ್ ನೆನಪಾಗುತ್ತಾರೆ. 2001ರಲ್ಲಿ ಮುಚ್ಚುವವರೆಗೆ ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮನುಷ್ಯರು ಇಳಿಯುತ್ತಿದ್ದರು. ಆ ಆಳದಲ್ಲಿ ಬಂಡೆಗಳೇ ಸಿಡಿದು ಪ್ರಾಣ ತೆಗೆಯುತ್ತಿದ್ದವು. ತಮಿಳು, ತೆಲುಗು, ಕನ್ನಡ ಮಾತಾಡುವವರು ಒಂದೇ ಕೇಜಿನಲ್ಲಿ ಇಳಿದು ಒಂದೇ ಗಾಳಿ ಕುಡಿದರು. ಕೆಳಗೆ ಯಾರೂ ಯಾರ ಮಾತೃಭಾಷೆಯನ್ನೂ ಕೇಳುತ್ತಿರಲಿಲ್ಲ.

ಎರಡು ಭಾಷೆಯ ಚಿತ್ರ

ಈ ಚಿತ್ರದಲ್ಲಿ ಜರ್ಮನ್ನರು ಜರ್ಮನ್ ಆಡುತ್ತಾರೆ, ಫ್ರೆಂಚರು ಫ್ರೆಂಚ್ ಆಡುತ್ತಾರೆ. ಆಗಿನ ಕಾಲಕ್ಕೆ ಅದು ಧೈರ್ಯದ ಕೆಲಸ. ಟಾಕಿ ಬಂದು ಆಗ ಕೆಲವೇ ವರ್ಷವಾಗಿತ್ತು. ಒಂದೇ ಕಥೆಯನ್ನು ಭಾಷೆಗೊಂದರಂತೆ ಬೇರೆಬೇರೆ ತೆಗೆಯುವುದು ರೂಢಿಯಾಗಿತ್ತು. ಪಾಬ್ಸ್ಟ್ ಎರಡು ಭಾಷೆಯನ್ನೂ ಒಂದೇ ಚಿತ್ರದಲ್ಲಿ ಇಟ್ಟ. ಯಾವ ದೇಶದ ಪ್ರೇಕ್ಷಕನೇ ಆಗಲಿ, ಅರ್ಧ ಚಿತ್ರದಲ್ಲಿ ಪರದೇಶಿಯಾಗಿ ಕೂರಬೇಕು.

ಕೊನೆಯಲ್ಲಿ ಗಡಿಯ ಬಳಿ ಬೀಳ್ಕೊಡುಗೆ. ಫ್ರೆಂಚ್ ಗಣಿಗಾರನೊಬ್ಬ ತನ್ನ ಭಾಷೆಯಲ್ಲಿ ಮಾತಾಡುತ್ತಾನೆ: ನಮಗಿರುವ ಶತ್ರುಗಳು ಎರಡೇ, ಒಂದು ಅನಿಲ, ಇನ್ನೊಂದು ಯುದ್ಧ. ವಿಟ್‌ಕಾಪ್ ಉತ್ತರಿಸುತ್ತಾನೆ: ಆತ ಹೇಳಿದ್ದು ನನಗೆ ತಿಳಿಯಲಿಲ್ಲ, ಆದರೆ ಏನು ಹೇಳಬೇಕೆಂದಿದ್ದನೋ ಅದು ನಮಗೆಲ್ಲರಿಗೂ ತಿಳಿಯಿತು. ಊರಿನ ಅಜ್ಜಿ ಫೋನಿನಲ್ಲಿ ಕನ್ನಡದಲ್ಲಿ ಕೇಳುವುದಕ್ಕೆ ಇಲ್ಲಿ ಹುಟ್ಟಿದ ಮೊಮ್ಮಕ್ಕಳು ಜರ್ಮನ್ ಬೆರೆಸಿ ಉತ್ತರಿಸುವ ಮನೆಗಳಲ್ಲಿ ಈ ಮಾತಿಗೆ ಟೀಕೆ ಟಿಪ್ಪಣಿ ಬೇಡ.

ಚಿತ್ರ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ. ಪಾಬ್ಸ್ಟ್ ಮುಗಿಸಲಿಲ್ಲ. ಮತ್ತೆ ನೆಲದಡಿಗೆ ಕರೆದೊಯ್ಯುತ್ತಾನೆ. ಮುರಿದ ಸರಳುಗಳನ್ನು ಹೊಸದಾಗಿ ಕೂರಿಸುತ್ತಿದ್ದಾರೆ. ಆಚೆಗೊಬ್ಬ, ಈಚೆಗೊಬ್ಬ ಅಧಿಕಾರಿ. ಕಾಗದ ಪತ್ರ ಕ್ರಮಬದ್ಧವಾಗಿ ಅದಲುಬದಲಾಗುತ್ತದೆ. ಮೇಲೆ ಅಪ್ಪಿಕೊಂಡ ಜನ, ಕೆಳಗೆ ಕೂತ ಕಬ್ಬಿಣ.

ಈ ದೃಶ್ಯವನ್ನು ಜನ ಸಹಿಸಲಿಲ್ಲ. ಚಿತ್ರಮಂದಿರದಲ್ಲಿ ಕೂಗಾಟವಾಗಿ ಅದನ್ನು ಕತ್ತರಿಸಿದರು. ವಿಮರ್ಶಕರು ಚಿತ್ರವನ್ನು ಹೊಗಳಿದರು, ಪ್ರೇಕ್ಷಕರು ಬರಲಿಲ್ಲ. ಬರ್ಲಿನ್ನಿನ ನಾಯ್‌ಕೋಲ್ನ್‌ನಂಥ ಕೆಲಸಗಾರರ ಬಡಾವಣೆಯಲ್ಲೇ ಖಾಲಿ ಕುರ್ಚಿಗಳ ಮುಂದೆ ಓಡಿತೆಂದು ಆ ಕಾಲವನ್ನು ಕಂಡ ಚಿತ್ರ ಇತಿಹಾಸಕಾರ ಕ್ರಾಕೌಆರ್ ದಾಖಲಿಸಿದ್ದಾರೆ. ಒಳ್ಳೆಯ ಚಿತ್ರಕ್ಕೆ ಹೀಗೇಕಾಯಿತು? ನಮಗೆ ತೋರುವುದು ಇಷ್ಟು. ನಿರುದ್ಯೋಗದಿಂದ ಬೆಂದಿದ್ದ ಜನಕ್ಕೆ ಆಗ ಬೇಕಾಗಿದ್ದದ್ದು ತಪ್ಪು ಹೊರಿಸಲು ಒಬ್ಬ ಶತ್ರು. ಈ ಚಿತ್ರ ಶತ್ರುವನ್ನು ಕೊಡಲಿಲ್ಲ. ಸಾಲದೆಂಬಂತೆ, ಸ್ನೇಹದ ಮಾತು ಮುಗಿದ ಮೇಲೂ ಸರಳುಗಳು ಉಳಿಯುತ್ತವೆ ಎಂದು ಎಚ್ಚರಿಸಿತು. ಎಚ್ಚರಿಕೆ ಯಾರಿಗೆ ತಾನೇ ಹಿತ?

ಹದಿನಾಲ್ಕು ತಿಂಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಚಿತ್ರ ನಿಷೇಧವಾಯಿತು. ಕಾಸ್ಪರ್ ಪಾತ್ರ ಮಾಡಿದ್ದ ಅಲೆಕ್ಸಾಂಡರ್ ಗ್ರಾನಾಖ್, ಸೆಟ್ ಕಟ್ಟಿದ ಮೆಟ್ಸ್‌ನರ್, ನಿರ್ಮಾಪಕ ನೆಬೆನ್‌ಸಾಲ್ ದೇಶ ಬಿಟ್ಟರು. ಬುಷ್ ಕೂಡ ದೇಶ ಬಿಟ್ಟ, ಕೊನೆಗೆ ಸಿಕ್ಕಿಬಿದ್ದು ನಾಜಿಗಳ ಸೆರೆಮನೆ ಕಂಡ. ಪಾಬ್ಸ್ಟ್ ಮಾತ್ರ, ಹೊರಗಿದ್ದವನು, 1939ರಲ್ಲಿ ಹಿಂದಿರುಗಿ ಅದೇ ಆಡಳಿತದ ಕೆಳಗೆ ಚಿತ್ರ ತೆಗೆದ. ಸರಳು ಮತ್ತೆ ಕೂರುವುದನ್ನು ತೋರಿಸಿದವನೇ ಅದರ ಒಳಗೆ ಹೋಗಿ ನಿಂತ. ಆ ಕಲೆ ಅವನ ಹೆಸರಿಗೆ ಅಂಟಿಕೊಂಡಿತು. ಚಿತ್ರ ಮೂಲೆಗೆ ಬಿದ್ದದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಈಗಿನ ಗಡಿ

ಚಿತ್ರದಲ್ಲಿ ಕಾಣುವ ಸೀಮೆಯ ಗಣಿಗಳು ಈಗಿಲ್ಲ. ಲೊರೇನಿನ ಕೊನೆಯ ಕಲ್ಲಿದ್ದಲ ಗಣಿ 2004ರಲ್ಲಿ, ಸಾರ್‌ಲಾಂಡಿನದು 2012ರಲ್ಲಿ, ರೂರ್ ಪ್ರದೇಶದ ಬೊಟ್ರೋಪಿನದು 2018ರ ಡಿಸೆಂಬರಿನಲ್ಲಿ ಮುಚ್ಚಿದವು. ಫ್ರಾನ್ಸ್-ಜರ್ಮನಿ ಎರಡೂ ಕಲ್ಲಿದ್ದಲು-ಉಕ್ಕನ್ನು ಒಂದೇ ಆಡಳಿತಕ್ಕೆ ತಂದ 1951ರ ಒಪ್ಪಂದದಿಂದಲೇ ಇಂದಿನ ಯೂರೋಪಿಯನ್ ಒಕ್ಕೂಟ ಬೆಳೆಯಿತು. ಗಡಿಯ ತಪಾಸಣೆಯನ್ನು ತೆಗೆದುಹಾಕಿದ ಒಪ್ಪಂದಕ್ಕೆ 1985ರಲ್ಲಿ ಸಹಿಯಾದ ಶೆಂಗೆನ್ ಹಳ್ಳಿ ಇರುವುದೂ ಈ ಮೂರು ದೇಶಗಳ ಕೂಡುಗಡಿಯಲ್ಲೇ. ನಾವೆಲ್ಲ ನಮ್ಮ ಪಾಸ್‌ಪೋರ್ಟಿನ ವೀಸಾದಲ್ಲಿ ಮೊದಲು ಓದಿದ ಹೆಸರು ಅದು!

ಆದರೆ 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಸಾರ್‌ಲಾಂಡ್-ಲೊರೇನ್ ಗಡಿಯಲ್ಲಿ ರಸ್ತೆಗೆ ಅಡ್ಡಗಟ್ಟೆ ಬಿತ್ತು. ದಿನಾ ದಾಟಿ ಕೆಲಸಕ್ಕೆ ಬರುತ್ತಿದ್ದವರು ಸಾಲಿನಲ್ಲಿ ನಿಂತರು. ಅದೇ ತಿಂಗಳ ಕೊನೆಯಲ್ಲಿ, ಹಾಸಿಗೆ ಸಾಲದೆ ಹೋದ ಪೂರ್ವ ಫ್ರಾನ್ಸಿನ ರೋಗಿಗಳನ್ನು ಜರ್ಮನ್ ಆಸ್ಪತ್ರೆಗಳು ಹೆಲಿಕಾಪ್ಟರಿನಲ್ಲಿ ತರಿಸಿಕೊಂಡು ಉಸಿರಾಟದ ಯಂತ್ರಕ್ಕೆ ಜೋಡಿಸಿದವು. ಕೆಳಗೆ ಸರಳು, ಮೇಲೆ ಜೊತೆಗಾರಿಕೆ. ಪಾಬ್ಸ್ಟ್ ಇದ್ದಿದ್ದರೆ ಅವನಿಗೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಿಗೂ ತಪಾಸಣೆಯನ್ನು ವಿಸ್ತರಿಸಿತು. ಆಗ ರೈಲಿನಲ್ಲಿ ಯಾರ ಕಾಗದವನ್ನು ಮೊದಲು ಕೇಳಿದರೆಂಬುದನ್ನು ನಮ್ಮ ಬಣ್ಣದ ಸದಸ್ಯರು ತಾವೇ ಬಲ್ಲರು.

2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಮಂದಿ ಹದಿನೇಳು ದಿನ ಸಿಕ್ಕಿಕೊಂಡಿದ್ದಾಗ ನಾವೆಲ್ಲ ಇಲ್ಲಿ ನಿದ್ದೆಗೆಟ್ಟು ಸುದ್ದಿ ನೋಡಿದೆವು. ದೊಡ್ಡ ಯಂತ್ರ ಮುರಿದು ನಿಂತಾಗ, ಬರಿಗೈಯ ಹಾರೆ-ಸಲಿಕೆಯಿಂದ ಕೊನೆಯ ಕೆಲವು ಮೀಟರ್ ತೋಡಿದವರು ‘ಇಲಿಬಿಲ’ ಗಣಿಯ ಕೂಲಿಗಳು. ಅವರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಒಳಗಿದ್ದವರು ಯಾವ ರಾಜ್ಯದವರೆಂದು ತೋಡುವವರು ವಿಚಾರಿಸಲಿಲ್ಲ. ಕೂರ್ಯೇರ್‌ನ ಕಥೆ ಅದೇ ತಾನೆ?

ಆದ್ದರಿಂದ ನಮ್ಮದೊಂದು ಸಲಹೆ. ಮುಂದಿನ ಶರತ್ಕಾಲದ ಚಿತ್ರಸಂಜೆಗೆ ‘ಕಾಮೆರಾಡ್‌ಶಾಫ್ಟ್’ ತರಿಸೋಣ. ಜರ್ಮನ್ ಬಲ್ಲ ನಮ್ಮ ಹುಡುಗ ಹುಡುಗಿಯರು ಪಕ್ಕದಲ್ಲಿ ಕೂತು ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ಹೇಳುತ್ತ ಹೋಗಲಿ. ಫ್ರೆಂಚ್ ಭಾಗವನ್ನು ಯಾರೂ ಹೇಳುವುದು ಬೇಡ, ಎಲ್ಲರೂ ಒಟ್ಟಿಗೆ ಊಹಿಸೋಣ. ಹತ್ತು ವರ್ಷದೊಳಗಿನ ಮಕ್ಕಳಿಗೆ ಕುಸಿತದ ದೃಶ್ಯಗಳು ಹೆದರಿಕೆ ತರಬಹುದು, ಅವರಿಗೆ ಪಕ್ಕದ ಕೋಣೆಯಲ್ಲಿ ಬೇರೆ ಏರ್ಪಾಡು ಮಾಡಬೇಕು. ಪ್ರತಿ ತರಿಸುವ ಕಾರ್ಯಕಾರಿ ಸಮಿತಿಯವರಲ್ಲಿ ಒಂದೇ ವಿನಂತಿ. ಹಳೆಯ ಹಲವು ಪ್ರತಿಗಳಲ್ಲಿ ಕೊನೆಯ ದೃಶ್ಯ ಇರುವುದಿಲ್ಲ. ಸರಳು ಮತ್ತೆ ಕೂರಿಸುವ ಭಾಗ ಇದೆಯೇ ಎಂದು ಖಚಿತಪಡಿಸಿಕೊಂಡೇ ತನ್ನಿ. ಅದು ಮುಗಿಯುವ ತನಕ ದಯವಿಟ್ಟು ಯಾರೂ ಎದ್ದು ಊಟದ ಸಾಲಿಗೆ ಹೋಗಬೇಡಿ.